ಅಡ್ವಾನ್ಸ್ಡ್ ಫಿಸಿಕ್ಸ್ ಲ್ಯಾಬ್ ಶುರುವಾಗುವ ಮೊದಲೇ ಥಿಯರಿ ಪೂರ್ತಿ ಓದಿ ಮುಗಿಸಬೇಕೇ?

ಬೇಡ. ನಾನು ಮುಗಿಸಿಕೊಂಡೇ ಹೋಗಿದ್ದೆ. ಎಲೆಕ್ಟ್ರಾನಿಗೆ ಬಡಿದು ಚದುರಿದ ಗಾಮಾ ಕಿರಣದ ಶಕ್ತಿ ಎಷ್ಟೆಂದು ಹೇಳುವ ಕಾಂಪ್ಟನ್ ಸೂತ್ರ ಬಾಯಿಪಾಠವಾಗಿತ್ತು, ಆದರೂ ಉತ್ತರ ತಪ್ಪಿತು. ತಪ್ಪಿದ್ದು ಶಕ್ತಿ ಗೊತ್ತಿರುವ ಕಿರಣಗಳಿಂದ ಡಿಟೆಕ್ಟರಿನ ಅಳತೆ ಹೊಂದಿಸುವ ಕ್ಯಾಲಿಬ್ರೇಷನ್‌ನಲ್ಲಿ.

ಸೀಸಿಯಂ-137ರಿಂದ ಬರುವ 662 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಗಾಮಾ ಕಿರಣ ಅಲ್ಯೂಮಿನಿಯಂ ಸರಳಿಗೆ ಬಡಿದು ಚದುರುತ್ತದೆ. ಸೋಡಿಯಂ ಅಯೊಡೈಡ್ ಡಿಟೆಕ್ಟರನ್ನು ಬೇರೆ ಬೇರೆ ಕೋನದಲ್ಲಿಟ್ಟು ಚದುರಿದ ಕಿರಣದ ಶಕ್ತಿ ಅಳೆಯಬೇಕು. 60 ಡಿಗ್ರಿಗೆ 402, 90ಕ್ಕೆ 288, 120ಕ್ಕೆ 225 ಬರಬೇಕು. ಇವುಗಳ ವಿಲೋಮವನ್ನು '1 − ಕೊಸೈನ್ ಥೀಟಾ'ಗೆ ಎದುರಾಗಿ ಗ್ರಾಫ್ ಹಾಕಿದರೆ ಸರಳರೇಖೆ. ಅದರ ಇಳಿಜಾರಿನಿಂದ ಎಲೆಕ್ಟ್ರಾನಿನ ದ್ರವ್ಯರಾಶಿಗೆ ಸಮನಾದ ಶಕ್ತಿ, 511, ಸಿಗಬೇಕು.

ಹೈ ವೋಲ್ಟೇಜ್ ಹಾಕಿದ ಐದೇ ನಿಮಿಷಕ್ಕೆ ಕ್ಯಾಲಿಬ್ರೇಷನ್ ಮಾಡಿದೆ, ಅದೂ ಒಂದೇ ಸಲ. ಆಮೇಲೆ 20 ಡಿಗ್ರಿಯಿಂದ 120ರವರೆಗೆ ಸಾಲಾಗಿ ರೀಡಿಂಗ್ ತೆಗೆದೆ. ಡಿಟೆಕ್ಟರಿನ ಬೆಳಕನ್ನು ವಿದ್ಯುತ್ ಪಲ್ಸ್ ಆಗಿ ಹಿಗ್ಗಿಸುವ ಫೋಟೊಮಲ್ಟಿಪ್ಲೈಯರಿನ ಗೇನ್ (ಹಿಗ್ಗಿಸುವ ಪ್ರಮಾಣ) ವೋಲ್ಟೇಜಿನ ಸುಮಾರು ಏಳನೇ ಘಾತದಂತೆ ಏರುತ್ತದೆ: ವೋಲ್ಟೇಜ್ 1% ಅಲುಗಿದರೆ ಪೀಕ್ (ಎಣಿಕೆಯ ಗ್ರಾಫಿನಲ್ಲಿ ಆ ಶಕ್ತಿಯ ಶಿಖರ) 7% ಸರಿಯುತ್ತದೆ. ಉಷ್ಣತೆಗೂ ಎಣಿಕೆಯ ದರಕ್ಕೂ ಗೇನ್ ಬದಲಾಗುತ್ತದೆ. ಗೇನ್ ನಿಧಾನಕ್ಕೆ 5% ಇಳಿದಿದೆ ಎಂದುಕೊಳ್ಳಿ. 120 ಡಿಗ್ರಿಯಲ್ಲಿ 225ರ ಬದಲು 214 ಕಾಣುತ್ತದೆ. ಆ ಬಿಂದುವಿನಿಂದ ಲೆಕ್ಕ ಹಾಕಿದರೆ 511ರ ಜಾಗದಲ್ಲಿ ಸುಮಾರು 473. ಕೋನಗಳನ್ನು ಕಲೆಸಿ ಅಳೆದಿದ್ದರೆ ಬಿಂದುಗಳು ರೇಖೆಯ ಆಚೀಚೆ ಚೆಲ್ಲಾಡಿ ಅನುಮಾನ ಹುಟ್ಟಿಸುತ್ತಿದ್ದವು. ನಾನು ಏರುಕ್ರಮದಲ್ಲಿ ಹೋದದ್ದರಿಂದ ಗೇನ್ ಇಳಿತವೂ ಕೋನವೂ ಜೊತೆಜೊತೆಗೇ ಸಾಗಿದವು: ರೇಖೆ ನೇರವಾಗಿಯೇ ಬಂತು, ಇಳಿಜಾರು ಮಾತ್ರ ಸುಳ್ಳು. ಹೆಚ್ಚು ಹೊತ್ತು ಎಣಿಸಿದರೂ ಇದು ಸರಿಹೋಗುವುದಿಲ್ಲ. ಪೀಕಿನ ಸಿಗ್ಮಾ (ಅಗಲದ ಅಳತೆ) 20 ಇದ್ದು 10,000 ಎಣಿಕೆ ಸಿಕ್ಕರೆ ಅದರ ನಡುಬಿಂದುವಿನ ಎರರ್ ಬರೀ 0.2, ಪೀಕ್ ಸರಿದಿರುವುದು 11!

ಹಾಗಾಗಿ ವೋಲ್ಟೇಜ್ ಹಾಕಿ ಕನಿಷ್ಠ ಅರ್ಧ ಗಂಟೆ ಬಿಡಿ. ಬೇರಿಯಂ-133ರ 356, ಸೋಡಿಯಂ-22ರ 511, ಸೀಸಿಯಂನ 662 ಮೂರನ್ನೂ ಬಳಸಿ. ಪ್ರತಿ ಎರಡು ಮೂರು ಕೋನಕ್ಕೊಮ್ಮೆ ಒಂದು ಪೀಕನ್ನಾದರೂ ಮತ್ತೆ ನೋಡಿ, ಸಮಯದೊಂದಿಗೆ ಬರೆದಿಡಿ. ಕ್ಯಾಲಿಬ್ರೇಷನ್ ಸೋರ್ಸನ್ನು ತೀರಾ ಹತ್ತಿರ ಇಡಬೇಡಿ, ಎಣಿಕೆಯ ದರ ಪ್ರಯೋಗದ ದರಕ್ಕೆ ಹತ್ತಿರವಿರಲಿ. ಕೋನಗಳನ್ನು 90, 30, 120, 60 ಹೀಗೆ ಕಲೆಸಿ ಅಳೆಯಿರಿ. ಸರಳು ತೆಗೆದು ಅಷ್ಟೇ ಹೊತ್ತು ಬ್ಯಾಕ್‌ಗ್ರೌಂಡ್ ಎಣಿಸಿ ಕಳೆಯಿರಿ. ಕಳೆದ ಮೇಲೆ ಎರರ್ ಕಡಿಮೆಯಾಗುವುದಿಲ್ಲ, ಎರಡೂ ಎಣಿಕೆಗಳ ಮೊತ್ತದ ವರ್ಗಮೂಲವಾಗುತ್ತದೆ.

ಈಗಲೇ ಏನಾದರೂ ಕಲಿಯಲೇಬೇಕೆಂದರೆ ಆಸಿಲೋಸ್ಕೋಪ್ ಮತ್ತು ಕರ್ವ್ ಫಿಟ್ಟಿಂಗ್ ಕಲಿಯಿರಿ. ಗಾಸಿಯನ್ (ಗಂಟೆಯಾಕಾರದ ವಕ್ರರೇಖೆ) ಜೊತೆಗೆ ಒಂದು ಓರೆ ರೇಖೆ ಸೇರಿಸಿ ಪೀಕ್ ಫಿಟ್ ಮಾಡಲು, ಪ್ರತಿ ಪ್ಯಾರಾಮೀಟರಿಗೂ ಎರರ್ ತೆಗೆಯಲು ಬಂದರೆ ಅರ್ಧ ಕೆಲಸ ಮುಗಿದಂತೆ. ಸ್ಕೋಪಿನಲ್ಲಿ ಟ್ರಿಗರ್ ಹೊಂದಿಸುವುದನ್ನು ಕೈಯಾರೆ ಮಾಡಿ ನೋಡಿ. ವೇಗದ ಪಲ್ಸಿಗೆ 50 ಓಮ್ ಟರ್ಮಿನೇಷನ್ (ಕೇಬಲ್ ತುದಿಗೆ ಹಾಕುವ ರೆಸಿಸ್ಟರ್) ಹಾಕದಿದ್ದರೆ ಕೇಬಲ್‌ನ ತುದಿಯಿಂದ ಪ್ರತಿಫಲನ ಬರುತ್ತದೆ. ಮೀಟರಿಗೆ ಸುಮಾರು 5 ನ್ಯಾನೊಸೆಕೆಂಡ್ ಲೆಕ್ಕದಲ್ಲಿ ಎರಡು ಮೀಟರ್ ಕೇಬಲ್ ಆದರೆ ಹೋಗಿ ಬರಲು 20. ಪಲ್ಸಿನ ಹಿಂದೆ ಅಷ್ಟೇ ದೂರದಲ್ಲಿ ಇನ್ನೊಂದು ಉಬ್ಬು ಕಂಡರೆ ಅದನ್ನು ಹೊಸ ಕಣವೆಂದು ಎಣಿಸಬೇಡಿ, ಮೊದಲು ಟರ್ಮಿನೇಷನ್ ನೋಡಿ.

ಥಿಯರಿ? ಪ್ರಯೋಗದ ಹಿಂದಿನ ರಾತ್ರಿ ಎರಡು ಗಂಟೆ ಸಾಕು. ಬರಬೇಕಾದ ಸಂಖ್ಯೆಗಳನ್ನು ಮಾತ್ರ ಮೊದಲೇ ಲೆಕ್ಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿ. 225ರ ಜಾಗದಲ್ಲಿ 214 ಕಂಡಾಗ ಇನ್ನೂ ಲ್ಯಾಬಿನಲ್ಲೇ ಇರುತ್ತೀರಿ, ಸೋರ್ಸ್ ಇಟ್ಟು ಪೀಕ್ ಸರಿದಿದೆಯೇ ಎಂದು ಆಗಲೇ ನೋಡಬಹುದು.