ಮೊದಲ ಕ್ರೂಸ್‌ಗೆ ಹೊರಟಿದ್ದೀರಾ? ವಾಂತಿ ಬರುವ ಮುಂಚೆಯೇ ತಡೆಯಬೇಕು

ನೀವು ಕೇಳಿದ್ದು ಇಷ್ಟು ಅಲ್ವಾ: ಐದು ರಾತ್ರಿಯ ಮೊದಲ ಕ್ರೂಸ್. ಬಸ್ಸು ನಾಲ್ಕು ತಿರುವು ತಿರುಗಿದರೆ ನಿಮಗೆ ಹೊಟ್ಟೆ ತೊಳಸುತ್ತದೆ. ಜೊತೆಗೆ ಎಂಟು ವರ್ಷದ ಮಗಳು, ಅರವತ್ತು ದಾಟಿದ ತಾಯಿ. ಬುಕಿಂಗ್ ಕ್ಯಾನ್ಸಲ್ ಮಾಡೋದೇ ಒಳ್ಳೆಯದಾ ಅಂತ. ದಯವಿಟ್ಟು ಮಾಡಬೇಡಿ. ಬಸ್ಸಿನಲ್ಲಿ ವಾಂತಿ ಮಾಡುವವರು ಎಷ್ಟೋ ಜನ ದೊಡ್ಡ ಹಡಗಿನಲ್ಲಿ ಆರಾಮಾಗಿ ಇರುತ್ತಾರೆ. ಆದರೆ ನೀವು ತಯಾರಿ ಇಲ್ಲದೆ ಹತ್ತುವ ಹಾಗಿಲ್ಲ.

ಇಲ್ಲಿ ಕೆಲವರು "ಮಾತ್ರೆ ಬ್ಯಾಗಿನಲ್ಲಿ ಇರಲಿ, ಬೇಕಾದರೆ ನುಂಗಿ" ಎಂದಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ವಾಕರಿಕೆ ಶುರುವಾದ ಕೂಡಲೇ ಹೊಟ್ಟೆ ತನ್ನ ಕೆಲಸ ನಿಧಾನ ಮಾಡಿಬಿಡುತ್ತದೆ. ಆಗ ನುಂಗಿದ ಮಾತ್ರೆ ಮುಂದೆ ಹೋಗದೆ ಅಲ್ಲೇ ಕೂರುತ್ತದೆ. ಎಷ್ಟೋ ಸಲ ವಾಂತಿಯ ಜೊತೆ ಆಚೆಗೂ ಬರುತ್ತದೆ. ಆದ್ದರಿಂದ ಮುಖ್ಯ ಕೆಲಸವೆಲ್ಲ ಹಡಗು ಹೊರಡುವ ಮೊದಲೇ ಮುಗಿದಿರಬೇಕು.

ಯಾಕೆ ಆಗುತ್ತದೆ ಅಂತ ಗೊತ್ತಿದ್ದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ನಮ್ಮ ಒಳಕಿವಿಯಲ್ಲಿ ದೇಹದ ಚಲನೆಯನ್ನು ಅಳೆಯುವ ಭಾಗವಿದೆ. ಹಡಗು ಏರಿ ಇಳಿಯುವುದನ್ನು ಅದು ಮೆದುಳಿಗೆ ಹೇಳುತ್ತಲೇ ಇರುತ್ತದೆ. ಆದರೆ ನೀವು ಕ್ಯಾಬಿನ್ ಒಳಗೆ ಕೂತು ಫೋನ್ ನೋಡುತ್ತಿದ್ದರೆ, ಎಲ್ಲವೂ ನಿಂತೇ ಇದೆ ಅಂತ ಕಣ್ಣು ಹೇಳುತ್ತದೆ. ಈ ಎರಡು ಸುದ್ದಿ ಹೊಂದದೇ ಹೋದಾಗ ವಾಕರಿಕೆ ಶುರು. ಒಳಕಿವಿಯ ಈ ಭಾಗ ಸ್ವಲ್ಪವೂ ಕೆಲಸ ಮಾಡದವರಿಗೆ ಸಮುದ್ರದಲ್ಲಿ ವಾಕರಿಕೆ ಬರುವುದೇ ಇಲ್ಲ. ಇನ್ನೊಂದು ವಿಷಯ: ಗಡಗಡ ಅಲುಗುವುದಕ್ಕಿಂತ ನಿಧಾನದ ತೂಗಾಟವೇ ಜಾಸ್ತಿ ಕೆಟ್ಟದ್ದು. ಸುಮಾರು ಐದು ಸೆಕೆಂಡಿಗೆ ಒಮ್ಮೆ ಏರಿ ಇಳಿಯುವ ಚಲನೆ ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ.

ಈಗ ಕ್ಯಾಬಿನ್. ಮಕ್ಕಳು ಆಡುವ ಸೀಸಾ ನೋಡಿದ್ದೀರಲ್ಲ, ತುದಿಯಲ್ಲಿ ಕೂತವರು ಮೇಲೆ ಕೆಳಗೆ ಹಾರುತ್ತಾರೆ, ನಡುವೆ ಕೂತವರು ಅಲ್ಲಾಡುವುದೇ ಕಡಿಮೆ. ಹಡಗೂ ಹಾಗೆಯೇ. ಮುಂತುದಿಯ ಕ್ಯಾಬಿನ್ ಎಲ್ಲಕ್ಕಿಂತ ಜಾಸ್ತಿ ಏರಿಳಿಯುತ್ತದೆ. ಮೇಲಿನ ಡೆಕ್‌ಗೆ ಹೋದಷ್ಟೂ ಪಕ್ಕಕ್ಕೆ ವಾಲುವುದು ಹೆಚ್ಚು. ಆದ್ದರಿಂದ ಉದ್ದದಲ್ಲಿ ಮಧ್ಯ, ಎತ್ತರದಲ್ಲಿ ಕೆಳಗೆ. ಮೇಲಿನ ಡೆಕ್‌ನ ಮುಂತುದಿಯಲ್ಲಿ ಬಾಲ್ಕನಿ, ಕೆಳಗಿನ ಡೆಕ್‌ನ ಮಧ್ಯದಲ್ಲಿ ಸಣ್ಣ ಕಿಟಕಿ, ಈ ಎರಡರಲ್ಲಿ ಒಂದು ಆರಿಸಬೇಕಾಗಿ ಬಂದರೆ ಕಣ್ಣು ಮುಚ್ಚಿ ಕಿಟಕಿಯದ್ದನ್ನೇ ತೆಗೆದುಕೊಳ್ಳಿ. ಬುಕಿಂಗ್‌ನಲ್ಲಿ "ಗ್ಯಾರಂಟಿ ಕ್ಯಾಬಿನ್" ಅಂತ ಸ್ವಲ್ಪ ಅಗ್ಗಕ್ಕೆ ಕೊಡುತ್ತಾರೆ. ಅಂದರೆ ಕ್ಯಾಬಿನ್ ಯಾವುದು ಅಂತ ಆರಿಸುವವರು ಕಂಪನಿಯವರು, ನೀವಲ್ಲ. ನಿಮ್ಮಂಥವರಿಗೆ ಅದು ಬೇಡ.

ದೊಡ್ಡ ಹಡಗಿನಲ್ಲಿ ಸ್ಟೆಬಿಲೈಜರ್ ಇರುತ್ತದೆ, ಏನೂ ಗೊತ್ತಾಗಲ್ಲ ಎಂದು ಒಬ್ಬರು ಬರೆದಿದ್ದಾರೆ. ಅದು ಅರ್ಧ ನಿಜ. ಸ್ಟೆಬಿಲೈಜರ್ ಅಂದರೆ ಹಡಗಿನ ಎರಡೂ ಬದಿಯಲ್ಲಿ ನೀರಿನೊಳಗೆ ಚಾಚಿಕೊಳ್ಳುವ ರೆಕ್ಕೆಗಳು. ಪಕ್ಕಕ್ಕೆ ವಾಲುವುದನ್ನು ಚೆನ್ನಾಗಿ ತಡೆಯುತ್ತವೆ. ಆದರೆ ಮೂತಿ ಎದ್ದು ಬೀಳುವುದನ್ನು ತಡೆಯುವುದಿಲ್ಲ. ಹಡಗು ವೇಗದಲ್ಲಿ ಸಾಗುವಾಗ ಸಿಗುವಷ್ಟು ಪ್ರಯೋಜನ ನಿಧಾನವಾದಾಗ ಸಿಗುವುದಿಲ್ಲ. ಹಾಗಾಗಿ ಹಡಗು ದೊಡ್ಡದು ಅನ್ನೋ ಒಂದೇ ಧೈರ್ಯದ ಮೇಲೆ ಹೋಗಬೇಡಿ.

ದಿನಾಂಕ ಇನ್ನೂ ನಿಮ್ಮ ಕೈಯಲ್ಲಿದ್ದರೆ ಬಿರುಗಾಳಿ ಕಾಲ ತಪ್ಪಿಸಿ. ಸುತ್ತ ನೆಲವಿರುವ ಒಳನೀರಿನ ದಾರಿ ತೆರೆದ ಸಾಗರಕ್ಕಿಂತ ಶಾಂತ. ನಾರ್ವೆಯ ಫಿಯರ್ಡ್‌ಗಳ ಒಳಗೆ ಸಾಗುವುದಕ್ಕೂ ದಕ್ಷಿಣ ಅಮೆರಿಕದ ತುದಿಯಿಂದ ಅಂಟಾರ್ಕ್ಟಿಕಾಗೆ ಡ್ರೇಕ್ ಪ್ಯಾಸೇಜ್ ದಾಟುವುದಕ್ಕೂ ಹೋಲಿಕೆಯೇ ಇಲ್ಲ.

ಇನ್ನು ಮಾತ್ರೆಗಳು. ನಿಮ್ಮ ವೈದ್ಯರ ಹತ್ತಿರ ಕೇಳಿಯೇ ತೆಗೆದುಕೊಳ್ಳಿ, ಅದರಲ್ಲೂ ಮಗಳಿಗೆ ಮತ್ತು ತಾಯಿಗೆ. ಆದರೆ ಏನು ಕೇಳಬೇಕು ಅಂತ ಗೊತ್ತಿರಲಿ. ಮೆಕ್ಲಿಜಿನ್ ದೊಡ್ಡವರಿಗೆ 25ರಿಂದ 50 ಮಿಲಿಗ್ರಾಂ, ಹೊರಡುವ ಒಂದು ಗಂಟೆ ಮೊದಲು. ದಿನಕ್ಕೆ ಒಮ್ಮೆ ತೆಗೆದುಕೊಂಡರೆ ಸಾಕು. ನಿದ್ದೆ ಸ್ವಲ್ಪ ಕಡಿಮೆ ಬರಿಸುತ್ತದೆ. ಸಿನ್ನರಿಜಿನ್ ಆದರೆ ಎರಡು ಗಂಟೆ ಮೊದಲು 30 ಮಿಲಿಗ್ರಾಂ, ಆಮೇಲೆ ಬೇಕಾದರೆ ಎಂಟು ಗಂಟೆಗೊಮ್ಮೆ 15. ಪಾರ್ಕಿನ್ಸನ್ ಇರುವವರಿಗೆ ಇದು ಬೇಡ. ಡೈಮೆನ್‌ಹೈಡ್ರಿನೇಟ್ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು, ಆದರೆ ನಾಲ್ಕರಿಂದ ಆರು ಗಂಟೆಗೊಮ್ಮೆ ಮತ್ತೆ ಬೇಕಾಗುತ್ತದೆ, ಮಂಪರೂ ಜಾಸ್ತಿ. ಪ್ರೊಮೆಥಜಿನ್ ಇನ್ನೂ ಹೆಚ್ಚು ನಿದ್ದೆ ತರಿಸುತ್ತದೆ. ಒಟ್ಟಿಗೆ ಎರಡು ಬೇಡ, ಮಾತ್ರೆ ತೆಗೆದುಕೊಂಡ ದಿನ ಮದ್ಯವೂ ಬೇಡ.

ಅಲರ್ಜಿಗೆ ಅಂತ ಮನೆಯಲ್ಲಿ ಇರುವ ಸೆಟಿರಿಜಿನ್ ನುಂಗಿ ಹೊರಡುವವರಿದ್ದಾರೆ. ಅದು ಇದಕ್ಕೆ ಕೆಲಸ ಮಾಡುವುದಿಲ್ಲ. ನಿದ್ದೆ ತರಿಸದ ಹೊಸ ಅಲರ್ಜಿ ಮಾತ್ರೆಗಳು ಮೆದುಳಿಗೆ ಅಷ್ಟಾಗಿ ತಲುಪುವುದೇ ಇಲ್ಲ.

ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮಿನ್ ಪ್ಯಾಚ್ ಸಿಕ್ಕರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕೂದಲಿಲ್ಲದ, ಒಣಗಿದ ಚರ್ಮದ ಮೇಲೆ, ಕನಿಷ್ಠ ನಾಲ್ಕು ಗಂಟೆ ಮುಂಚೆ ಅಂಟಿಸಬೇಕು. ಮೂರು ದಿನ ಬರುತ್ತದೆ. ನಿಮ್ಮದು ಐದು ರಾತ್ರಿ, ಆದ್ದರಿಂದ ಹಳೆಯದನ್ನು ಕಿತ್ತು ಇನ್ನೊಂದನ್ನು ಇನ್ನೊಂದು ಕಿವಿಯ ಹಿಂದೆ ಹಾಕಬೇಕಾಗುತ್ತದೆ. ಒಂದು ಎಚ್ಚರ ಮಾತ್ರ ಮರೆಯಬೇಡಿ. ಅಂಟಿಸಿದ ಮೇಲೂ ಕಿತ್ತ ಮೇಲೂ ಸೋಪು ಹಾಕಿ ಕೈ ತೊಳೆಯಿರಿ. ಬೆರಳಿಗೆ ಹತ್ತಿದ ಔಷಧಿ ಕಣ್ಣಿಗೆ ತಾಗಿದರೆ ಪಾಪೆ ಹಿಗ್ಗಿ ಮಂಜು ಮಂಜಾಗಿ ಕಾಣುತ್ತದೆ. ಬಾಯಿ ಒಣಗುವುದು ಸಾಮಾನ್ಯ. ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ) ಇರುವವರು, ಮೂತ್ರ ಕಟ್ಟುವ ತೊಂದರೆ ಇರುವವರು ಇದನ್ನು ಮುಟ್ಟಬಾರದು. ವಯಸ್ಸಾದವರಿಗೆ ಕೆಲವೊಮ್ಮೆ ಗಲಿಬಿಲಿ ತರುತ್ತದೆ, ಆದ್ದರಿಂದ ನಿಮ್ಮ ತಾಯಿಗೆ ಇದು ಮೊದಲ ಆಯ್ಕೆ ಆಗಬಾರದು ಅನ್ನೋದು ನನ್ನ ಅಭಿಪ್ರಾಯ. ಮಕ್ಕಳಿಗೆ ಬೇಡವೇ ಬೇಡ.

ಯಾವುದನ್ನೇ ಆರಿಸಿ, ಹೊರಡುವ ಒಂದೆರಡು ವಾರ ಮುಂಚೆ ರಜೆ ದಿನ ನೋಡಿ ಮನೆಯಲ್ಲೇ ಒಮ್ಮೆ ತೆಗೆದುಕೊಂಡು ನೋಡಿ. ಎಷ್ಟು ನಿದ್ದೆ ಬರುತ್ತದೆ, ತಲೆ ಭಾರ ಆಗುತ್ತದಾ ಎಂದು ಗೊತ್ತಾಗುತ್ತದೆ. ಮಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೇ ಈ ತೊಂದರೆ ಎಲ್ಲರಿಗಿಂತ ಜಾಸ್ತಿ. ಈ ಮಾತ್ರೆಗಳಿಂದ ಕೆಲವು ಮಕ್ಕಳಿಗೆ ನಿದ್ದೆಯ ಬದಲು ಚಡಪಡಿಕೆ ಶುರುವಾಗುತ್ತದೆ. ಡೋಸ್ ಅನ್ನು ಮಕ್ಕಳ ವೈದ್ಯರೇ ಹೇಳಬೇಕು, ದೊಡ್ಡವರ ಮಾತ್ರೆ ಅರ್ಧ ಮುರಿದು ಕೊಡಬೇಡಿ. ತಾಯಿಯ ಬಗ್ಗೆ ಅಷ್ಟು ಭಯ ಬೇಡ. ವಯಸ್ಸಾದಂತೆ ಈ ಕಾಟ ಸಾಮಾನ್ಯವಾಗಿ ಕಡಿಮೆ ಆಗುತ್ತದೆ. ಆದರೆ ಮೈಗ್ರೇನ್ ಇರುವವರಿಗೆ ಜಾಸ್ತಿ.

ಮೊದಲ ದಿನದ ಮೊದಲ ಕೆಲವು ಗಂಟೆಗಳ ಬಗ್ಗೆ ಯಾರೂ ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಡಗು ಹೊರಟ ಮೇಲೆ ಜನ ಕ್ಯಾಬಿನ್‌ಗೆ ಬಂದು ಸೂಟ್‌ಕೇಸ್ ಬಿಚ್ಚುತ್ತಾರೆ. ಬಗ್ಗಿ ಬಟ್ಟೆ ತೆಗೆಯುವುದು, ಎದ್ದು ಬೀರುವಿಗೆ ಹಾಕುವುದು, ಮತ್ತೆ ಬಗ್ಗುವುದು. ಕಣ್ಣಿಗೆ ಬರೀ ಗೋಡೆ, ತಲೆ ಮೇಲೆ ಕೆಳಗೆ, ಕಾಲಡಿ ನೆಲ ತೂಗುತ್ತಿದೆ. ವಾಕರಿಕೆ ಬರಿಸುವುದಕ್ಕೆ ಇದಕ್ಕಿಂತ ಬೇರೆ ಏನೂ ಬೇಕಿಲ್ಲ. ಹಡಗು ದಡದಲ್ಲಿ ಕಟ್ಟಿರುವಾಗಲೇ ಸಾಮಾನು ಬಿಚ್ಚಿ ಮುಗಿಸಿ. ಸೂಟ್‌ಕೇಸ್ ತಡವಾಗಿ ಬಂದರೆ ಮಾರನೆ ದಿನ ಬಿಚ್ಚಿ, ಒಂದು ರಾತ್ರಿಗೆ ಬೇಕಾದ ಬಟ್ಟೆ, ಮಾತ್ರೆ ಕೈಚೀಲದಲ್ಲಿ ಇಟ್ಟುಕೊಳ್ಳಿ.

ಹಡಗು ಹೊರಡುವಾಗ ತೆರೆದ ಡೆಕ್‌ನ ಮಧ್ಯಭಾಗಕ್ಕೆ ಹೋಗಿ. ಆಕಾಶ ಸಮುದ್ರ ಸೇರುವ ಗೆರೆಯ ಮೇಲೆ ಕಣ್ಣಿಡಿ. ಹತ್ತಿರದ ಅಲೆ ನೋಡಬೇಡಿ, ದೂರದ ಗೆರೆ ನೋಡಿ. ಆ ಗೆರೆ ಅಲ್ಲಾಡುವುದಿಲ್ಲ, ನೀವು ತೂಗುತ್ತಿದ್ದೀರಿ ಅಂತ ಕಣ್ಣಿಗೂ ಆಗ ಗೊತ್ತಾಗುತ್ತದೆ. ಮಗಳಿಗೂ ಇದನ್ನೇ ಆಟದ ಹಾಗೆ ಕಲಿಸಿ, ದೂರದ ದೋಣಿ ಮೊದಲು ಯಾರು ಕಂಡುಹಿಡಿಯುತ್ತಾರೆ ಅಂತ. ಪುಸ್ತಕ, ಟ್ಯಾಬ್, ಮೊಬೈಲ್ ಗೇಮ್ ಮೊದಲ ದಿನ ಬೇಡ. ಹೊಗೆ, ಡೀಸೆಲ್ ವಾಸನೆ, ಗಾಢ ಸುಗಂಧ ಬರುವ ಕಡೆ ನಿಲ್ಲಬೇಡಿ.

ಊಟ ಬಿಡಬೇಡಿ. ಖಾಲಿ ಹೊಟ್ಟೆ ವಾಕರಿಕೆ ಹೆಚ್ಚಿಸುತ್ತದೆ, ಹೊಟ್ಟೆ ಬಿರಿಯುವಷ್ಟು ತಿಂದರೂ ಅದೇ ಕಥೆ. ಎಣ್ಣೆ, ಜಿಡ್ಡು ಇಲ್ಲದ್ದನ್ನು ಸ್ವಲ್ಪ ಸ್ವಲ್ಪ ತಿನ್ನಿ. ಶುಂಠಿ ಕೆಲವರಿಗೆ ಹಿಡಿಸುತ್ತದೆ, ಅಧ್ಯಯನಗಳ ಫಲಿತಾಂಶ ಮಾತ್ರ ಒಂದೇ ತರ ಇಲ್ಲ. ಮಣಿಕಟ್ಟಿಗೆ ಕಟ್ಟುವ ಪಟ್ಟಿಯೂ ಅಷ್ಟೇ. ತೊಂದರೆ ಇಲ್ಲ, ಇಟ್ಟುಕೊಳ್ಳಿ, ಆದರೆ ಅದನ್ನೇ ನಂಬಿ ಮಾತ್ರೆ ಬಿಡಬೇಡಿ.

ಬರುವ ಮುನ್ನ ದೇಹ ಸೂಚನೆ ಕೊಡುತ್ತದೆ. ಸುಮ್ನೆ ಆಕಳಿಕೆ, ಬಾಯಲ್ಲಿ ನೀರೂರುವುದು, ತಣ್ಣನೆ ಬೆವರು, ಮುಖ ಬಿಳಿಚಿಕೊಳ್ಳುವುದು. ಮಾತಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಮೌನವಾದರೆ ಕೂಡಲೇ ಎದ್ದು ಹೊರಗೆ ಗಾಳಿಗೆ ಕರೆದುಕೊಂಡು ಹೋಗಿ. ಹೊರಗೆ ಹೋಗಲು ಆಗದಿದ್ದರೆ ಬೆನ್ನ ಮೇಲೆ ಮಲಗಿ, ಕಣ್ಣು ಮುಚ್ಚಿ, ತಲೆ ಅಲುಗದಂತೆ ದಿಂಬು ಕೊಟ್ಟು, ನಿಧಾನವಾಗಿ ಉಸಿರಾಡಿ. ಕಣ್ಣು ಮುಚ್ಚಿದರೆ ಕಿವಿ ಕಣ್ಣಿನ ಜಗಳವೂ ಅರ್ಧ ನಿಂತಂತೆ.

ಇಷ್ಟಾದರೂ ವಾಂತಿ ಆದರೆ ಒಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಏನೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಹಡಗಿನ ವೈದ್ಯರ ಹತ್ತಿರ ಹೋಗಿ, ಇಂಜೆಕ್ಷನ್ ಕೊಡುತ್ತಾರೆ. ಸಂಕೋಚ ಬೇಡ. ಬ್ರಿಟಿಷ್ ನೌಕಾಪಡೆಯ ನೆಲ್ಸನ್‌ಗೇ ಜೀವನವಿಡೀ ಇದು ಬಿಡಲಿಲ್ಲ, 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಪ್ರಪಂಚ ಸುತ್ತಿದ ಚಾರ್ಲ್ಸ್ ಡಾರ್ವಿನ್‌ಗೂ ಕೊನೆಯವರೆಗೆ ಕಾಡಿತು. ಆದರೆ ವಾಂತಿಯ ಜೊತೆ ಭೇದಿ ಅಥವಾ ಜ್ವರ ಇದ್ದರೆ ಅದು ಅಲೆಯ ಕಾಟ ಅಲ್ಲ, ಸೋಂಕು ಇರಬಹುದು. ಮುಚ್ಚಿಡದೆ ಕೂಡಲೇ ತಿಳಿಸಿ, ಹಡಗಿನಲ್ಲಿ ಅದು ಬೇಗ ಹರಡುತ್ತದೆ.

ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಒಗ್ಗುತ್ತದೆ. ಆದ್ದರಿಂದಲೇ ಐದು ರಾತ್ರಿ ಒಳ್ಳೆಯ ಅವಧಿ. ಬರೀ ಎರಡು ರಾತ್ರಿಯದಾದರೆ ದೇಹ ಒಗ್ಗುವ ಹೊತ್ತಿಗೆ ಇಳಿಯುವ ಸಮಯ ಬಂದಿರುತ್ತದೆ. ಬಂದರಿಗೆ ಹೋಗಲಾಗದೆ ಹಡಗು ದೂರದಲ್ಲಿ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ದಡಕ್ಕೆ ಕರೆದೊಯ್ಯುವ ದಿನ ಮಾತ್ರ ಹುಷಾರು. ಹಡಗಿನಲ್ಲಿ ಗಟ್ಟಿಯಾಗಿದ್ದವರೂ ಆ ದೋಣಿಯಲ್ಲಿ ಕುಸಿಯುತ್ತಾರೆ. ಹೊರಗೆ ಕಾಣುವ ಕಡೆ, ಮುಂತುದಿಯಿಂದ ದೂರ ಕೂರಿ.

ವಾಪಸ್ ಬಂದ ಮೇಲೆ ಮನೆಯ ನೆಲವೇ ತೂಗಿದಂತೆ ಅನಿಸಬಹುದು. ಒಂದೆರಡು ದಿನದಲ್ಲಿ ಹೋಗುತ್ತದೆ. ವಾರಗಟ್ಟಲೆ ನಿಂತರೆ ವೈದ್ಯರಿಗೆ ತೋರಿಸಿ.

ನಿಮ್ಮ ಹಡಗಿನ ಡೆಕ್ ಪ್ಲಾನ್, ನಿಮಗೆ ಕೊಟ್ಟಿರುವ ಕ್ಯಾಬಿನ್ ಎಲ್ಲಿದೆ ಅನ್ನೋದನ್ನು ಇಲ್ಲಿ ಹಾಕಿ. ಬದಲಾಯಿಸಲು ಸಮಯ ಇದ್ದರೆ ಯಾವುದು ಕೇಳಬೇಕು ಅಂತ ನೋಡಿ ಹೇಳುತ್ತೇನೆ. ತಾಯಿ ದಿನವೂ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನು ಮಾತ್ರ ವೈದ್ಯರಿಗೇ ತೋರಿಸಿ, ಇಲ್ಲಿ ಹಾಕುವುದು ಬೇಡ.