ಮಂಡ್ಯ ಕಡೆ ರಾತ್ರಿ ಓಡಾಟ, ಹಳೇ ಬೈಕಿನ ಹೆಡ್‌ಲೈಟ್ ಮಂಕು. 100 ವ್ಯಾಟ್ ಬಲ್ಬ್ ಹಾಕಿಸಬಹುದಾ?

ಬೇಡ. ಹಳೇ ಬಲ್ಬ್ ಬಿಚ್ಚಿ ಬುಡ ನೋಡಿ. ನಮ್ಮ ಬಹಳಷ್ಟು ಹ್ಯಾಲೊಜೆನ್ ಬೈಕ್‌ಗಳಲ್ಲಿ ಇರುವುದು ಎಚ್‌ಎಸ್1 ಅನ್ನೋ ಬಲ್ಬ್, ಅಂದರೆ 35/35 ವ್ಯಾಟ್ (ಹೈ ಬೀಮಿಗೆ 35, ಲೋ ಬೀಮಿಗೆ 35). ಅದಕ್ಕೆ 3 ಆಂಪಿಯರ್ ಸಾಕು. 100 ವ್ಯಾಟ್‌ಗೆ 8ಕ್ಕೂ ಜಾಸ್ತಿ ಬೇಕು. ಅಷ್ಟು ಕರೆಂಟು ಆ ಸಣ್ಣ ವೈರಿನಲ್ಲಿ ಹರಿದರೆ ಹೋಲ್ಡರ್ ಕರಗುತ್ತದೆ, ಸ್ವಿಚ್ ಸುಡುತ್ತದೆ, ಬಿಸಿಗೆ ರಿಫ್ಲೆಕ್ಟರ್ ಕೂಡ ಹಾಳು.

ಹಾಗಂತ ಹ್ಯಾಲೊಜೆನ್ ಡೂಮಿಗೆ (ಬಲ್ಬ್ ಕೂರುವ ಹೆಡ್‌ಲೈಟ್ ಭಾಗ) ಅಗ್ಗದ ಎಲ್‌ಇಡಿ ತುರುಕಬೇಡಿ. ಫಿಲಮೆಂಟ್ ಇದ್ದ ಜಾಗಕ್ಕೆ ಸರಿಯಾಗಿ ಅದರ ಬೆಳಕು ಕೂರದಿದ್ದರೆ ಎಲ್ಲಾ ಕಡೆ ಚೆದುರುತ್ತದೆ. ಎದುರಿಗೆ ಬರುವವರ ಕಣ್ಣು ಕುಕ್ಕುತ್ತದೆ, ಹಿಂದೆ ಲೈಟೇ ಇಲ್ಲದೆ ಹೋಗುವ ಕಬ್ಬಿನ ಗಾಡಿ ಮಾತ್ರ ನಿಮಗೆ ಕಾಣುವುದಿಲ್ಲ. ನಮ್ಮ ಕಡೆ ಅದೇ ಅಲ್ವಾ ದೊಡ್ಡ ಭಯ?

ಅಸಲಿಗೆ ಹಳೇ ಬೈಕಿನಲ್ಲಿ ಬಲ್ಬಿಗಿಂತ ವೈರಿಂಗ್‌ನದೇ ತಕರಾರು ಜಾಸ್ತಿ. ಹೋಲ್ಡರ್‌ನಲ್ಲಿ ವೋಲ್ಟೇಜ್ 10% ಇಳಿದರೆ ಹ್ಯಾಲೊಜೆನ್ ಬೆಳಕು ಸುಮಾರು 30% ಇಳಿಯುತ್ತದೆ. ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಇಟ್ಟು ನೋಡಿಸಿ, ತುಕ್ಕು ಹಿಡಿದ ಕನೆಕ್ಟರ್, ಅರ್ತ್ ಪಾಯಿಂಟ್ ಉಜ್ಜಿಸಿ. ಹೆಡ್‌ಲೈಟ್ ಬ್ಯಾಟರಿಯಿಂದ ಉರಿಯುವ ಬೈಕಾದರೆ ರಿಲೇ (ಹ್ಯಾಂಡಲ್ ಸ್ವಿಚ್ಚಿನ ಬದಲು ತಾನೇ ಬ್ಯಾಟರಿ ಕರೆಂಟನ್ನು ಬಲ್ಬಿಗೆ ಬಿಡುವ ಸ್ವಿಚ್), ಫ್ಯೂಸ್, ದಪ್ಪ ವೈರು ಹಾಕಿಸಿ, ಅದೇ 35 ವ್ಯಾಟಿನ ಒಳ್ಳೆ ಬಲ್ಬ್ ಕೂರಿಸಿ. ಡೂಮಿನ ಮುಂದಿನ ಪ್ಲಾಸ್ಟಿಕ್ ಹಳದಿಯಾಗಿದ್ದರೆ ಡೂಮನ್ನೇ ಬದಲಿಸಿ. ಹೊಸ ಬಲ್ಬ್ ಗಾಜನ್ನು ಬರಿಗೈಲಿ ಮುಟ್ಟಬೇಡಿ, ಜಿಡ್ಡು ಹತ್ತಿದರೆ ಬೇಗ ಹೋಗುತ್ತದೆ.