ಸಮುದ್ರ ಯಾವ ಕೈಗೆ ಇತ್ತು?

ನಮಸ್ಕಾರ.

'ಗಾಲೆ ಕೋಟೆಗೊಂದು ಸುತ್ತು' ಲೇಖನ ತಲುಪಿತು. ಶ್ರೀಲಂಕಾದ ದಕ್ಷಿಣ ಕರಾವಳಿಯ ಆ ಹಳೇ ಊರಿನ ಕೋಟೆಗೋಡೆಯ ಮೇಲೆ ನೀವು ಒಂದು ಸಂಜೆ ನಡೆದ ಕಥೆ, ಜೊತೆಗೆ ಹದಿನಾಲ್ಕು ಫೋಟೊ. ಪ್ರವಾಸ ಲೇಖನಗಳಿಗೆ ನಾನು ಸಾಮಾನ್ಯವಾಗಿ ಒಂದು ಸಾಲಿನ ಉತ್ತರ ಬರೆದು ಮುಗಿಸುತ್ತೇನೆ. ನಿಮ್ಮದನ್ನು ಹಾಗೆ ಬಿಡಲು ಮನಸ್ಸು ಬರಲಿಲ್ಲ. ಓದುವಾಗ ಎರಡು ಕಡೆ ಸಿಟ್ಟು ಬಂತು. ಒಂದು ಕಡೆ ಮಾತ್ರ, ಒರಗಿ ಕೂತಿದ್ದವನು ಎದ್ದು ನೆಟ್ಟಗೆ ಕೂತೆ. ಅದಕ್ಕೇ ಇಷ್ಟುದ್ದದ ಪತ್ರ. ನೀವು ಒಪ್ಪಿದ್ದರಿಂದ ಹೆಸರು ಬಿಟ್ಟು ಇಲ್ಲೇ ಹಾಕುತ್ತಿದ್ದೇನೆ. ಹೀಗೇ ಬರೆಯುವವರು ಇನ್ನೂ ಬೇಕಾದಷ್ಟು ಜನ ಇದ್ದಾರೆ.

ಮೊದಲು ಮೆಚ್ಚುಗೆ. ಭಾಷೆ ಚೆನ್ನಾಗಿದೆ, ಕಾಗುಣಿತ ತಪ್ಪಿಲ್ಲ, ವಾಕ್ಯಗಳು ಎಡವುವುದಿಲ್ಲ. ಆಯ್ತಲ್ವಾ? ಈಗ ವಿಷಯಕ್ಕೆ ಬರೋಣ.

ನಿಮ್ಮ ಮೊದಲ ಸಾಲು: "ಗಾಲೆಯಲ್ಲಿ ಕಾಲವೇ ನಿಂತುಹೋಗಿದೆ." ಎರಡನೇ ಸಾಲು: "ಗಡಿಯಾರ ಗೋಪುರದ ಬುಡದಿಂದ ನನ್ನ ನಡಿಗೆ ಶುರುವಾಯಿತು."

ಕಾಲ ನಿಂತುಹೋಗಿದೆ ಅಂತ ಬರೆದ ಕೈ ಮರುಸಾಲಿನಲ್ಲೇ ಗಡಿಯಾರದ ಕೆಳಗೆ ನಿಂತಿದೆ! ನೀವು ಇದನ್ನು ತಮಾಷೆಗೆ ಬರೆದಿದ್ದರೆ ಬೆನ್ನು ತಟ್ಟುತ್ತಿದ್ದೆ. ಆದರೆ ಗಂಭೀರವಾಗಿಯೇ ಬರೆದಿದ್ದೀರಿ. ಆ ಸಾಲು ನಿಮ್ಮದಲ್ಲ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಹಂಪಿಯ ಬಗ್ಗೆ ಬರುವ ಹತ್ತು ಲೇಖನಗಳಲ್ಲಿ ಏಳರಲ್ಲಿ ಅದು ಇರುತ್ತದೆ. ಬೇಲೂರಿಗೂ ಹೊಂದುತ್ತದೆ, ಬೀದರಿಗೂ ಹೊಂದುತ್ತದೆ. ಎಲ್ಲ ಊರಿಗೂ ಹೊಂದುವ ಸಾಲು ಯಾವ ಊರಿನದೂ ಅಲ್ಲ.

ಗಾಲೆಗಂತೂ ಅದು ಪೂರ್ತಿ ಸುಳ್ಳು. ಆ ಗೋಪುರವನ್ನೇ ನೋಡಿ. ಅದು ಕಟ್ಟಿದ್ದು 1883ರಲ್ಲಿ. ಪೀಟರ್ ಆಂಥೊನಿಸ್ ಅನ್ನುವ ಡಾಕ್ಟರಿಗೆ ಗೌರವ ತೋರಿಸಲು ಊರವರು ಚಂದಾ ಎತ್ತಿ ಕಟ್ಟಿದರು. ಒಳಗಿನ ಗಡಿಯಾರ ಕೊಡಿಸಿದ್ದು, ಅವರ ಕೈಯಲ್ಲಿ ವಾಸಿಯಾದ ಒಬ್ಬ ರೋಗಿ. ಖಾಯಿಲೆ ಗುಣವಾಯಿತು ಅಂತ ಡಾಕ್ಟರಿಗೆ ಹಣ್ಣಿನ ಬುಟ್ಟಿ ಕೊಡುವವರನ್ನು ನೋಡಿದ್ದೇವೆ. ಊರಿಗೇ ಗಡಿಯಾರ ಕೊಟ್ಟ ರೋಗಿ ಇಲ್ಲಿದ್ದಾನೆ! ಇಂಥದ್ದು ಕಣ್ಣೆದುರಿಗೇ ಇರುವಾಗ ನಿಮಗೆ ಸಿಕ್ಕಿದ್ದು "ಭವ್ಯ ಗೋಪುರ" ಅನ್ನುವ ಎರಡು ಪದ.

ಮುಂದಿನ ಸಾಲಿನಲ್ಲಿ "ಕೆಳಗೆ ಹಸಿರು ಮೈದಾನವೊಂದು ಕಂಗೊಳಿಸುತ್ತಿತ್ತು" ಅಂದಿದ್ದೀರಿ. ಮೈದಾನವೊಂದು! ಸ್ವಾಮಿ, ಅದು ಗಾಲೆ ಕ್ರಿಕೆಟ್ ಮೈದಾನ. ನಮ್ಮ ಓದುಗರಲ್ಲಿ ಮುಕ್ಕಾಲು ಪಾಲು ಜನ ಗಾಲೆ ಅನ್ನುವ ಹೆಸರು ಕೇಳಿರುವುದೇ ಅದರಿಂದ. ಮುತ್ತಯ್ಯ ಮುರಳೀಧರನ್ ತಮ್ಮ 800ನೇ ಟೆಸ್ಟ್ ವಿಕೆಟ್ ತೆಗೆದದ್ದು ಅಲ್ಲಿ, 2010ರ ಜುಲೈ 22ರಂದು, ಅದೂ ನಮ್ಮ ಮೇಲೆಯೇ. ಪ್ರಜ್ಞಾನ್ ಓಜಾ ಔಟಾದರು, ಮುರಳಿ ಟೆಸ್ಟ್ ಆಟ ಅಲ್ಲಿಗೆ ಮುಗಿಯಿತು. ಟಿಕೆಟ್ ಇಲ್ಲದವರು ನೀವು ನಿಂತಿದ್ದ ಆ ಗೋಡೆಯ ಮೇಲೆಯೇ ಕೂತು ಮ್ಯಾಚ್ ನೋಡುತ್ತಾರೆ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಅದೇ ಮೈದಾನ, ಪಕ್ಕದ ಬಸ್ ಸ್ಟ್ಯಾಂಡು ಎಲ್ಲ ನೀರುಪಾಲಾದವು. ಗೋಡೆಯೊಳಗಿನ ಊರಿಗೆ ಅಷ್ಟು ಪೆಟ್ಟು ಬೀಳಲಿಲ್ಲ. ಮೈದಾನದಲ್ಲಿ ಮತ್ತೆ ಟೆಸ್ಟ್ ನಡೆಯಲು 2007ರ ಕೊನೆಯವರೆಗೆ ಕಾಯಬೇಕಾಯಿತು. ಎರಡು ಸಾಲಿನಲ್ಲಿ ಇಷ್ಟು ಹೇಳಿದ್ದರೆ ಗೋಡೆ ಏನು, ಅದು ಎಷ್ಟು ಗಟ್ಟಿ ಅನ್ನುವುದು ಓದುಗನಿಗೆ ತಾನಾಗಿ ಗೊತ್ತಾಗುತ್ತಿತ್ತು.

ನೀವು ಅದರ ಬದಲು ಎರಡನೇ ಪ್ಯಾರಾದಲ್ಲಿ 1505, 1640, 1796, 1988 ಅಂತ ಇಸವಿಗಳನ್ನು ಒಟ್ಟಿಗೆ ಸುರಿದಿದ್ದೀರಿ. ಪೋರ್ಚುಗೀಸರು ಲಂಕೆಗೆ ಬಂದರು, ಡಚ್ಚರು ಕೋಟೆ ಕಿತ್ತುಕೊಂಡರು, ಬ್ರಿಟಿಷರಿಗೆ ಹೋಯಿತು, ಯುನೆಸ್ಕೊ ಪಟ್ಟಿಗೆ ಸೇರಿತು. ಎಲ್ಲ ಸರಿಯೇ. ಆದರೆ ಓದುಗ ಇನ್ನೂ ಒಂದು ಹೆಜ್ಜೆ ಇಟ್ಟಿಲ್ಲ, ಆಗಲೇ ಪರೀಕ್ಷೆಗೆ ಕೂರಿಸಿಬಿಟ್ಟಿರಿ. ಈ ಇಸವಿಗಳಿಗೆ ಜಾಗ ಎಲ್ಲಿ ಅಂತ ಆಮೇಲೆ ಹೇಳುತ್ತೇನೆ.

ಈಗ ನನಗೆ ನಿಜವಾಗಿ ಕಿರಿಕಿರಿ ಮಾಡಿದ ವಿಷಯ.

ನೀವು ಬರೆದಿದ್ದೀರಿ: "ಕೋಟೆಗೆ ಪ್ರದಕ್ಷಿಣೆ ಹಾಕಲು ಹೊರಟೆ. ನಕ್ಷತ್ರ ಕೊತ್ತಲ ದಾಟಿ ತಿರುಗಿದಾಗ ಎಡಗಡೆ ಹಿಂದೂ ಮಹಾಸಾಗರ ಭೋರ್ಗರೆಯುತ್ತಿತ್ತು."

ಪುಸ್ತಕ ಮುಚ್ಚಿ, ಕಣ್ಣು ಮುಚ್ಚಿ, ಒಂದು ಸಲ ನಡೆದು ನೋಡಿ. ಕೋಟೆಯ ಉತ್ತರದ ಗೋಡೆ ನೆಲದ ಕಡೆಗಿದೆ. ಅದರಲ್ಲಿ ಮೂರು ಕೊತ್ತಲ: ಪೂರ್ವದ ತುದಿಗೆ ಸೂರ್ಯ, ನಡುವೆ ಚಂದ್ರ, ಪಶ್ಚಿಮದ ತುದಿಗೆ ನಕ್ಷತ್ರ. ಗಡಿಯಾರ ಇರುವುದು ಚಂದ್ರ ಕೊತ್ತಲದಲ್ಲಿ. ಅಲ್ಲಿಂದ ನಕ್ಷತ್ರಕ್ಕೆ ಹೋಗಿ ದಕ್ಷಿಣಕ್ಕೆ ತಿರುಗಿದರೆ ಸಮುದ್ರ ಬಲಗೈಗೆ, ಊರು ಎಡಗೈಗೆ. ಸುತ್ತು ಮುಗಿಯುವ ತನಕ ಅದು ಬದಲಾಗುವುದಿಲ್ಲ. ಬದಲಾಗಬೇಕಾದರೆ ನೀವು ಹಿಂದಕ್ಕೆ ನಡೆಯಬೇಕು, ಇಲ್ಲವೇ ಈಜಬೇಕು. ಅಂದಹಾಗೆ ಇದು ಪ್ರದಕ್ಷಿಣೆಯೂ ಅಲ್ಲ, ದೇವರು ಬಲಕ್ಕಿದ್ದರೆ ತಾನೇ ಪ್ರದಕ್ಷಿಣೆ? ನಿಮ್ಮ ಅಜ್ಜಿ ಜೊತೆಗಿದ್ದಿದ್ದರೆ ಅಲ್ಲೇ ಕೈಹಿಡಿದು ತಿರುಗಿಸುತ್ತಿದ್ದರು.

ಎಡಬಲದ ಒಂದು ತಪ್ಪಿಗೆ ಇಷ್ಟು ಗಲಾಟೆ ಯಾಕೆ ಅನ್ನಿಸಬಹುದು. ಒಂದೇ ಆಗಿದ್ದರೆ ಸುಮ್ನೆ ತಿದ್ದಿ ಹಾಕುತ್ತಿದ್ದೆ. ಮುಂದೆ ನೋಡಿ. ಕೋಟೆಯ ದಕ್ಷಿಣ ತುದಿಯ ಫ್ಲ್ಯಾಗ್ ರಾಕ್ ಕೊತ್ತಲದ ಹತ್ತಿರ ಬರುವಷ್ಟರಲ್ಲಿ "ಸೂರ್ಯ ಕಡಲಲ್ಲಿ ಮುಳುಗಿದ". ಚೆನ್ನಾಗಿದೆ, ಜನ ಅಲ್ಲಿ ಸೇರುವುದೇ ಅದಕ್ಕೆ. ಅಲ್ಲಿಂದ ಮುಂದೆ ಲೈಟ್‌ಹೌಸು, ಅದರ ಎದುರಿಗೆ ಮಸೀದಿ. ನಿಮ್ಮ ಲೇಖನದಲ್ಲಿ "ಮಸೀದಿಯ ಬಿಳಿ ಗೋಡೆಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು". ಯಾವ ಬಿಸಿಲು? ಸೂರ್ಯನನ್ನು ನೀವೇ ಈಗ ತಾನೇ ಮುಳುಗಿಸಿ ಬಂದಿರಲ್ಲ!

ಏನಾಗಿದೆ ಅಂತ ನನಗೆ ಅನ್ನಿಸುವುದು ಇಷ್ಟು. ಊರಿಗೆ ಬಂದಮೇಲೆ ಫೋನಿನ ಫೋಟೊ ಮುಂದಿಟ್ಟುಕೊಂಡು ಬರೆದಿದ್ದೀರಿ. ಮಸೀದಿಯ ಫೋಟೊ ಬೆಳಗ್ಗೆ ತೆಗೆದದ್ದು, ಸೂರ್ಯನದು ಸಂಜೆಯದು, ಸಮುದ್ರದ್ದು ಇನ್ಯಾವಾಗಲೋ. ಫೋಟೊದಲ್ಲಿ ಎಡಬಲ ಇರುತ್ತದೆ, ಆದರೆ ಅದು ನಡೆಯುವವನ ಎಡಬಲ ಅಲ್ಲ. ನಿಮ್ಮ ಲೇಖನದಲ್ಲಿ ಕಣ್ಣಿದೆ, ಕಾಲಿಲ್ಲ.

ನನಗೆ ಈ ಹುಚ್ಚು ಹತ್ತಿದ್ದು ಎಲ್ಲಿ ಅಂತ ಹೇಳಿಬಿಡುತ್ತೇನೆ. ಸೀಸದ ಅಕ್ಷರ ಜೋಡಿಸಿ ಮುದ್ರಿಸುತ್ತಿದ್ದ ಮೊಳೆ ಅಚ್ಚಿನ ಕೊನೆಗಾಲದಲ್ಲಿ ಕರಾವಳಿಯ ಒಂದು ಸಣ್ಣ ಪತ್ರಿಕೆಗೆ ಸೇರಿದ್ದೆ. ನನಗೆ ಬರೆಯುವ ಕೆಲಸವನ್ನೇ ಕೊಟ್ಟಿರಲಿಲ್ಲ. ಗೆರೆ ಎಳೆಯುವ ಕೆಲಸ ಕೊಟ್ಟಿದ್ದರು. ಹಳ್ಳಿಗಳಿಂದ ಬರುತ್ತಿದ್ದ ವರದಿಗಳಲ್ಲಿ ತೇರು, ಗಣಪತಿ ವಿಸರ್ಜನೆ, ಉರುಸ್, ಪ್ರತಿಭಟನೆ, ಯಾವ ಮೆರವಣಿಗೆ ಇದ್ದರೂ ಸರಿ, ನಾನು ನ್ಯೂಸ್‌ಪ್ರಿಂಟಿನ ಚೂರಿನ ಮೇಲೆ ಪೆನ್ಸಿಲಿನಲ್ಲಿ ಅದರ ದಾರಿ ಬರೆಯಬೇಕು. ಎಲ್ಲಿಂದ ಹೊರಟಿತು, ಎಲ್ಲಿ ತಿರುಗಿತು, ಎಲ್ಲಿ ನಿಂತಿತು. ವರದಿ ಓದಿ ಗೆರೆ ಎಳೆಯಲು ಬಂದರೆ ಅದು ಅಚ್ಚಿಗೆ, ಬರದಿದ್ದರೆ ವಾಪಸ್. ನಮ್ಮ ಹಿರಿಯ ಉಪಸಂಪಾದಕರ ಕಾನೂನು ಅದು. ಅವರು ಬೀಡಿ ಸೇದುತ್ತ ನನ್ನ ಚೂರನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ಇಲ್ಲಿ ಸೇತುವೆ ಬರ್ಬೇಕಲ್ಲ ಮಾರಾಯ, ತೇರು ಹೊಳೆ ಹಾರಿತಾ?" ಅನ್ನುತ್ತಿದ್ದರು.

ಅವರಿಗಿಂತ ಬಿಗಿ ಅಂದರೆ ಮೊಳೆ ಜೋಡಿಸುವವರು. ಅಕ್ಷರಗಳನ್ನು ತಲೆಕೆಳಗಾಗಿ ಓದುವ ಜನ. ಅವರಲ್ಲೊಬ್ಬರು ಸಂಜೆ ಹೊತ್ತು ಊರೆಲ್ಲ ಸೈಕಲ್ ಮೇಲೆ ಸುತ್ತುತ್ತಿದ್ದರು. ಗಲ್ಲಿ ಗಲ್ಲಿ ಗೊತ್ತಿತ್ತು. ಒಂದು ದಿನ ಒಂದು ವರದಿ ಅರ್ಧ ಜೋಡಿಸಿ ನಿಲ್ಲಿಸಿಬಿಟ್ಟರು. ಮೆರವಣಿಗೆ ಮೀನು ಮಾರ್ಕೆಟಿನ ಹತ್ತಿರ ಎಡಕ್ಕೆ ತಿರುಗಿತು ಅಂತ ಇತ್ತು. "ಎಡಕ್ಕೆ ಗೋಡೆ ಇದೆ. ಬರ್ದವ ಹೋಗಿಲ್ಲ" ಅಂದರು. ವಿಚಾರಿಸಿದರೆ ನಿಜ, ಬರೆದವನು ಮನೆಯಲ್ಲೇ ಕೂತು ಹೋದ ವರ್ಷದ ವರದಿ ನೋಡಿ ಬರೆದಿದ್ದ. ಆವತ್ತಿನಿಂದ ನನಗೆ ಯಾವ ಪ್ರವಾಸ ಲೇಖನ ಬಂದರೂ ಪಕ್ಕದಲ್ಲಿ ಒಂದು ಖಾಲಿ ಹಾಳೆ ಬೇಕು. ನಿಮ್ಮ ಲೇಖನಕ್ಕೂ ಗೆರೆ ಎಳೆದೆ. ಪಶ್ಚಿಮದ ಗೋಡೆ ಹೇಗೋ ಬಂತು. ದಕ್ಷಿಣವೂ ಬಂತು. ಲೈಟ್‌ಹೌಸ್ ಹತ್ತಿರ ಪೆನ್ಸಿಲ್ ನಿಂತಿತು. ಯಾಕೆ ಅಂದರೆ ಅಲ್ಲಿಂದ ಮುಂದೆ ನಿಮ್ಮ ಲೇಖನದಲ್ಲಿ ಇರುವುದು ಒಂದೇ ವಾಕ್ಯ: "ಹಾಗೇ ನಡೆಯುತ್ತ ಹೊರಟ ಜಾಗಕ್ಕೆ ಮರಳಿದೆ."

ಹಾಗೇ ನಡೆಯುತ್ತ! ಅರ್ಧ ಊರು ನುಂಗಿಬಿಟ್ಟಿರಲ್ಲ.

ನಾನೂ ಆ ಗೋಡೆಯ ಮೇಲೆ ನಡೆದಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಪಶ್ಚಿಮದ ಕಡೆ ಫೋಟೊಗೆ ಚೆಂದ. ಹುಲ್ಲು, ಗೋಡೆ, ಸಮುದ್ರ, ಕೊಡೆ ಹಿಡಿದು ಕೂತ ಜೋಡಿಗಳು. ಪೂರ್ವದ ಕಡೆ ಗೋಡೆಯ ಮೇಲೆಯೇ ನಡೆದು ಮುಗಿಸಲು ಆಗುವುದಿಲ್ಲ, ಕೆಳಗಿಳಿದು ಬೀದಿಯಲ್ಲಿ ಹೋಗಬೇಕು. ಹಾಸ್ಪಿಟಲ್ ಸ್ಟ್ರೀಟ್. ಡಚ್ಚರು ಕಟ್ಟಿದ ಆಸ್ಪತ್ರೆ ಅಲ್ಲಿದೆ. ಹಿಂದೆ ರೋಗಿಗಳು ಮಲಗುತ್ತಿದ್ದಲ್ಲಿ ಈಗ ಅಂಗಡಿ, ರೆಸ್ಟೋರೆಂಟು. ಮುಂದೆ ಕೋರ್ಟು, ದೊಡ್ಡ ಮರಗಳ ನೆರಳು, ಕರಿ ಕೋಟಿನ ವಕೀಲರು. ಇದು ಜನ ವಾಸ ಮಾಡುವ, ವ್ಯಾಜ್ಯ ಆಡುವ ಕೋಟೆ. ನಿಮ್ಮ ಲೇಖನದಲ್ಲಿ ಒಬ್ಬ ವಕೀಲನೂ ಇಲ್ಲ, ಒಂದು ಮನೆಯೂ ಇಲ್ಲ.

ಅದರಾಚೆ ಹಳೇ ಬಾಗಿಲು. ನಿಮ್ಮ ಫೋಟೊಗಳಲ್ಲಿ ಅದು ಇದೆ, ಹನ್ನೊಂದನೆಯದು. ಕೆಳಗೆ "ಪುರಾತನ ದ್ವಾರ" ಅಂತ ಹಾಕಿದ್ದೀರಿ. ಆ ಫೋಟೊವನ್ನೇ ದೊಡ್ಡದು ಮಾಡಿ ನೋಡಿ. ಕಮಾನಿನ ಮೇಲೆ ಒಂದು ಕಲ್ಲು ಕೆತ್ತನೆ. ನಡುವೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ವಿ, ಒ, ಸಿ ಅಕ್ಷರಗಳ ಗುರುತು. ಎರಡು ಕಡೆ ಸಿಂಹ. ಎಲ್ಲಕ್ಕಿಂತ ಮೇಲೆ ಏನಿದೆ ಗೊತ್ತಾ? ಒಂದು ಹುಂಜ! ರೋಮನ್ ಅಂಕಿಯಲ್ಲಿ ಇಸವಿ 1669. ಇದು ಬಾಗಿಲಿನ ಒಳಮುಖ. ಹೊರಗೆ ದಾಟಿ ಹಿಂದಿರುಗಿ ನೋಡಿದರೆ ಅದೇ ಬಾಗಿಲ ಮೇಲೆ ಬ್ರಿಟಿಷ್ ರಾಜಲಾಂಛನ. ಒಂದೇ ಗೋಡೆ, ಒಳಗೆ ಒಬ್ಬ ಯಜಮಾನ, ಹೊರಗೆ ಇನ್ನೊಬ್ಬ. ನಿಮ್ಮ 1640, ನಿಮ್ಮ 1796 ಎರಡಕ್ಕೂ ಜಾಗ ಇಲ್ಲಿದೆ. ಓದುಗನನ್ನು ಕಮಾನಿನ ಕೆಳಗೆ ನಡೆಸಿಕೊಂಡು ಹೋಗಿ, ಆಕಡೆ ತಿರುಗಿ ನಿಲ್ಲಿಸಿ, ಆಗ ಇಸವಿ ಹೇಳಿ. ಅವನು ಮರೆಯುವುದಿಲ್ಲ.

ಹಾಗೇ ಲೈಟ್‌ಹೌಸ್. "ಡಚ್ಚರ ಕಾಲದ ದೀಪಸ್ತಂಭ" ಅಂತ ಬರೆದಿದ್ದೀರಿ. ಈಗ ಇರುವುದು 1939ರದ್ದು, ಬ್ರಿಟಿಷರು ಕಟ್ಟಿದ್ದು. ಎದುರಿನ ಮೀರಾನ್ ಮಸೀದಿ 1904ರದ್ದು. ಮುಂದೆ ಎರಡು ಗೋಪುರ ಇಟ್ಟುಕೊಂಡು ದೂರದಿಂದ ಚರ್ಚಿನ ಹಾಗೇ ಕಾಣುತ್ತದೆ, ಹತ್ತಿರ ಹೋದಾಗಲೇ ಗೊತ್ತಾಗುವುದು. ವಾಹನಗಳು ಒಳಗೆ ಬರುವ ದೊಡ್ಡ ಬಾಗಿಲು 1873ರಲ್ಲಿ ಗೋಡೆ ಒಡೆದು ಮಾಡಿದ್ದು. ನೀವು ನಡೆದ ದಾರಿಯಲ್ಲಿ ಹೆಜ್ಜೆಗೊಂದು ಕಾಲ ಬದಲಾಗಿದೆ. ನಿಂತುಹೋಗಿದೆ ಅಂತೀರಲ್ಲ!

ಇನ್ನು, ನಾನು ನೆಟ್ಟಗೆ ಕೂತ ಜಾಗ. ಫ್ಲ್ಯಾಗ್ ರಾಕಿನಲ್ಲಿ ಪ್ರವಾಸಿಗಳಿಂದ ದುಡ್ಡು ತೆಗೆದುಕೊಂಡು ಗೋಡೆಯಿಂದ ಸಮುದ್ರಕ್ಕೆ ಹಾರುವ ಹುಡುಗರ ಬಗ್ಗೆ ನೀವು ಬರೆದದ್ದು: "ಹಾರುವ ಮುಂಚೆ ಅವನು ತನ್ನ ಫೋನನ್ನು ಉಪ್ಪುಖಾರದ ಮಾವಿನಕಾಯಿ ಮಾರುವವನ ಕೈಗೆ ಕೊಟ್ಟ. ಮಾವಿನಕಾಯಿಯವನು ನೋಡದೆಯೇ ಅದನ್ನು ಜೇಬಿಗೆ ಹಾಕಿಕೊಂಡ."

ಆ 'ನೋಡದೆಯೇ' ಇದೆಯಲ್ಲ, ಅದಕ್ಕೋಸ್ಕರವೇ ಈ ಪತ್ರ. ಇವರಿಬ್ಬರೂ ಇದನ್ನು ದಿನಾ ಮಾಡುತ್ತಾರೆ, ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇದೆ ಅನ್ನುವುದು ಅದರಲ್ಲೇ ಬಂದುಬಿಟ್ಟಿತು. ಇದನ್ನು ಯಾರೂ ನಿಮಗೆ ಹೇಳಿಕೊಟ್ಟಿಲ್ಲ, ಯಾವ ಗೈಡ್ ಪುಸ್ತಕದಲ್ಲೂ ಇಲ್ಲ, ನೀವು ನಿಂತು ನೋಡಿದ್ದೀರಿ. ಹಾಗಿರುವಾಗ ಮುಂದಿನ ಸಾಲಿನಲ್ಲೇ "ಬದುಕಿನ ಅನಿವಾರ್ಯತೆ ಮನುಷ್ಯನಿಂದ ಏನೆಲ್ಲ ಮಾಡಿಸುತ್ತದೆ!" ಅಂತ ಭಾಷಣ ಯಾಕೆ? ಅದನ್ನು ಹೊಡೆದುಹಾಕಿದ್ದೇನೆ. ವಾಪಸ್ ಸೇರಿಸಬೇಡಿ.

ತಿದ್ದಿ ಕಳಿಸಿ. ಮೊದಲು ಹಾಳೆಯ ಮೇಲೆ ಗೆರೆ ಎಳೆಯಿರಿ, ಬಾಣ ಹಾಕಿ, ಎಲ್ಲೆಲ್ಲಿ ಗಂಟೆ ಎಷ್ಟಾಗಿತ್ತು ಅಂತ ಬರೆದುಕೊಳ್ಳಿ. ಪೂರ್ವದ ಬೀದಿ ನೆನಪಿಲ್ಲದಿದ್ದರೆ, ಅಲ್ಲಿ ನಿಜವಾಗಿ ನಡೆಯದೇ ಆಟೋ ಹತ್ತಿದ್ದರೆ, ಹಾಗಂತಲೇ ಬರೆಯಿರಿ. ಕಾಲು ನೋವು ಬಂದು ಆಟೋ ಹತ್ತಿದವರ ಲೇಖನ ನಾನು ಸಂತೋಷದಿಂದ ಹಾಕುತ್ತೇನೆ. ಆದರೆ ಆಗ ಶೀರ್ಷಿಕೆಯಲ್ಲಿ 'ಸುತ್ತು' ಬೇಡ.

ಫೋಟೊ ಮೂರು ಸಾಕು. ಹನ್ನೊಂದನೆಯದು ಇರಲಿ. ಸೂರ್ಯಾಸ್ತದ್ದು ಬೇಡ, ನಮ್ಮಲ್ಲಿ ಆಗಲೇ ಬಹಳ ಸೂರ್ಯಾಸ್ತ ಇದೆ. ಗೌರವಧನ ಕೊಡುತ್ತೀರಾ ಅಂತ ಸಂಕೋಚದಿಂದ ಕೇಳಿದ್ದೀರಿ. ಕೊಡುತ್ತೇವೆ, ಜಾಸ್ತಿ ಅಲ್ಲ. ಬ್ಯಾಂಕ್ ವಿವರವನ್ನು ಲೇಖನದ ಜೊತೆಗೇ ಕಳಿಸಿ, ನಮ್ಮ ಲೆಕ್ಕದವರು ಎರಡೆರಡು ಸಲ ಕೇಳುವುದಿಲ್ಲ.